ಸುಯ್ ತೆಗೆದ ಏಳು ಹಾಡು

ಮಾರ್ಚ್ 3, ಬೆಳಗ್ಗೆ 6
ಫ್ರಿಜ್ ಆಫ್. ಫ್ಯಾನ್ ಆಫ್. ಕಿಟಕಿಗೆ ಕಂಬಳಿ. ಅಕ್ಕ ಏಳನೇ ಹಾಡು ಹಾಡಿದಳು, ಚೆನ್ನಾಗಿಯೇ ಬಂತು. ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಹಿಂದೆ ಮತ್ತದೇ — ಸುಯ್ಯ್...
ಎಲ್ಲ ಅವಳೇ ಕಟ್ಟಿದ ಹಾಡುಗಳು. ಇನ್ನು ನಾಲ್ಕಿವೆ. 18ಕ್ಕೆ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ.
“ಯಾರಿಗೆ ಅಂತ ಇಷ್ಟೆಲ್ಲ?” ಅಂದೆ.
“ನಂಗೇ ಕಣೋ. ಆಮೇಲೆ ನನ್ನ ದನಿ ನಂಗೇ ಮರೆತುಹೋದ್ರೆ?”

ಮಾರ್ಚ್ 5
ಸ್ಪೀಕರ್ ರಿಪೇರಿಯವನ ಅಂಗಡಿಗೆ ಹೋಗಿದ್ದೆ. ಕೇಳಿ ನಕ್ಕ. “ನಿಮ್ಮಕ್ಕ ಮೆತ್ತಗೆ ಹಾಡ್ತಾರೆ, ಮೈಕ್ ನೋಡಿದ್ರೆ ಒಂದು ಮಾರು ದೂರ. ಕೇಳಿಸಲಿ ಅಂತ ನೀವು ಗೇನ್ ಪೂರ್ತಿ ಏರಿಸಿದ್ದೀರ. ದನಿ ಜೊತೆ ಸುಯ್ಯೂ ಏರುತ್ತೆ ಸಾರ್. ಬಾಯಿ ಹತ್ರ ಇಡಿ, ಗೇನ್ ಇಳಿಸಿ.”
ಇಷ್ಟೇ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ...
ಭಾನುವಾರ ಏಳನ್ನೂ ಮತ್ತೆ ಹಾಡುತ್ತಾಳಂತೆ.

ಮಾರ್ಚ್ 6, ಮಧ್ಯಾಹ್ನ
ಆಸ್ಪತ್ರೆಯಿಂದ ಫೋನ್. ಆಪರೇಷನ್ ನಾಳೆಯೇ ಅಂತೆ.
ಬಟ್ಟೆ ಮಡಿಸುತ್ತಿದ್ದವಳು, “ಒಂದಾದ್ರೂ ಹಾಡ್ಬಿಡ್ತೀನಿ, ಮೈಕ್ ತಾ” ಅಂದಳು. ಬಾಯಿ ತೆರೆದರೆ ಬರೀ ಕೆಮ್ಮು. ನೀರು ಕುಡಿದಳು. ಮತ್ತೆ ಕೆಮ್ಮು.
“ಹೋಗ್ಲಿ ಬಿಡು. ಇರೋದನ್ನೇ ಸರಿ ಮಾಡೋ. ನಿನ್ನ ಕೈಲಾಗುತ್ತೆ.”
ಆಗುತ್ತೆ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಮಾರ್ಚ್ 9
ಅಕ್ಕ ಐಸಿಯುನಲ್ಲಿ. ಒಳಗೆ ಬಿಡುತ್ತಿಲ್ಲ. ಕೈಕಟ್ಟಿ ಕೂರಲಾಗದೆ ವರಾಂಡದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಬರೀ ಸುಯ್ ಇರುವ ಎರಡು ಸೆಕೆಂಡು ತೋರಿಸಿದರೆ ಸಾಕು, ಸಾಫ್ಟ್‌ವೇರ್ ಗುರುತು ಹಿಡಿದು ಇಡೀ ಹಾಡಿನಿಂದ ಅದನ್ನು ಕಳೆಯುತ್ತದೆ. ಸ್ವಲ್ಪ ತೆಗೆದೆ. ಇನ್ನೂ ಸ್ವಲ್ಪ. ಸೇವ್. ಮುಂದಿನದು. ಸೇವ್. ಏಳೂ ಮುಗಿಯಿತು. ಸುಯ್ ಇಲ್ಲ!

ಮಾರ್ಚ್ 10
ಹೆಡ್‌ಫೋನ್ ಹಾಕಿ ಸರಿಯಾಗಿ ಕೇಳಿದೆ. ಕೊಡದೊಳಗೆ ಮುಖವಿಟ್ಟು ಹಾಡಿದ ಹಾಗಿದೆ. ಉಸಿರಿಲ್ಲ. ‘ಸ’ ಇಲ್ಲ — ‘ಸಂಜೆ’ ಹೋಗಿ ‘ಅಂಜೆ’.
ಮೂಲ ಫೈಲುಗಳು? ಅವುಗಳ ಮೇಲೆಯೇ ಸೇವ್ ಮಾಡಿದ್ದೇನೆ. ಏಳಕ್ಕೆ ಏಳೂ.
ರಿಪೇರಿಯವನಿಗೆ ಫೋನ್ ಮಾಡಿದೆ.
“ಕಾಪಿ ಇಟ್ಕೊಂಡಿಲ್ವಾ ಸಾರ್?”
ಫೋನ್ ಇಟ್ಟುಬಿಟ್ಟೆ.

ಮಾರ್ಚ್ 17
ವಾರ್ಡಿಗೆ ಬಂದಿದ್ದಾಳೆ. ಕತ್ತಿಗೆ ಟ್ಯೂಬು, ಕೈಗೆ ಸ್ಲೇಟು. ನನ್ನನ್ನು ನೋಡಿದ್ದೇ ಬರೆದಳು: ಹಾಡು ಹಾಕು.
ಇಯರ್‌ಫೋನ್ ತಂದಿಲ್ಲ ಅಂದೆ. ಜೇಬಿನಲ್ಲೇ ಇತ್ತು.

ಮಾರ್ಚ್ 19, ಸಂಜೆ 4
ನರ್ಸಮ್ಮನ ಇಯರ್‌ಫೋನ್ ಇಸಿದುಕೊಂಡು ಕೂತಿದ್ದಳು. ತಪ್ಪಿಸಿಕೊಳ್ಳಲಾಗಲಿಲ್ಲ. ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. ಅರ್ಧಕ್ಕೇ ಕಿತ್ತು ಬರೆದಳು: ಯಾರಿದು?
“ನೀನೇ ಅಕ್ಕಾ.”
ಅಲ್ಲ ಎಂದು ತಲೆಯಾಡಿಸಿದಳು.
ಎಲ್ಲ ಹೇಳಿಬಿಟ್ಟೆ. ಸ್ಲೇಟನ್ನು ಮಂಚದ ಮೂಲೆಗೆ ಒಗೆದಳು. ಬಾಯಿ ತೆರೆದು ಬೈಯತೊಡಗಿದಳು, ಮೊದಲಿನ ಹಾಗೆಯೇ, ಬೆರಳಾಡಿಸುತ್ತ. ತುಟಿಗಳು ನಿಲ್ಲಲೇ ಇಲ್ಲ... ಮೈಯೆಲ್ಲ ಕಿವಿಯಾಗಿ ಕೂತೆ. ಅಷ್ಟು ಬೈಗುಳದಲ್ಲಿ ಒಂದು ಮಾತೂ ನನಗೆ ಕೇಳಿಸಲಿಲ್ಲ.