ಬೋರ್ಡಿನಾಚೆ ಬರೆದದ್ದು

ಅಪ್ಪಾ,

ಇವತ್ತಿನ ಪತ್ರಿಕೆಯಲ್ಲಿ ನನ್ನ ಲೇಖನ ಬಂದಿದೆ, ನನ್ನದೇ ಹೆಸರಿನಲ್ಲಿ. ಏಳನೇ ಕ್ಲಾಸಿಗೆ ಬಂದರೂ ಒಂದು ಪುಟ ಓದಲಾರದ ಮಕ್ಕಳನ್ನು ನಾವು ಟೀಚರುಗಳೇ ಪಾಸು ಮಾಡಿ ಮುಂದೆ ತಳ್ಳುತ್ತಿದ್ದೇವೆ ಎಂದು ಮುಚ್ಚುಮರೆಯಿಲ್ಲದೆ ಬರೆದೆ. ಜೀವನವಿಡೀ ಪಾಠ ಹೇಳಿದ ನೀವು, "ಮೇಷ್ಟ್ರು ಬೋರ್ಡಿನ ಮೇಲಷ್ಟೇ ಬರೀಬೇಕು ಕಣಮ್ಮ, ಉಳಿದಿದ್ದು ಕುತ್ತಿಗೆಗೆ ಬರುತ್ತೆ" ಎನ್ನುತ್ತಿದ್ದಿರಲ್ಲ, ಅದೇ ನೆನಪಾಗಿ ಶಾಲೆಯ ಗೇಟಿನ ಹೊರಗೇ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಹೋದೆ.

ಹೆಡ್ ಮೇಡಂ ಕರೆಸಿದರು. ಮೇಜಿನ ಮೇಲೆ ಪತ್ರಿಕೆ ಹರಡಿತ್ತು.

"ಹೆಸರು ಹಾಕ್ಕೊಂಡೇ ಬರೆದಿದ್ದೀರಲ್ಲ, ಭಯ ಆಗ್ಲಿಲ್ವಾ?"

"ಆಯ್ತು ಮೇಡಂ. ಈಗಲೂ ಆಗ್ತಿದೆ."

"ನನಗೂ ಆಗ್ತಿತ್ತು, ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನಾಳೆಯಿಂದ ಮೊದಲನೇ ಪೀರಿಯಡ್ ಬರೀ ಓದೋದಕ್ಕೆ. ನಾನೂ ಒಂದು ಕ್ಲಾಸು ತಗೋತೀನಿ."

ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ಟರು, "ಮೊದಲು ನನ್ನ ಓದಿಸಿ, ವಿಷಲ್ ಊದಿ ಊದಿ ಅಕ್ಷರಾನೇ ಮರೆತುಹೋಗಿದೆ" ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟು ಹಗುರಾಗಿದ್ದೇನೆ ಗೊತ್ತೇ?

ಲೇಖನದ ಕೆಳಗೆ ನನ್ನ ಹೆಸರಿನ ಜೊತೆ ನಿಮ್ಮ ಹೆಸರನ್ನೂ ಸೇರಿಸಿದ್ದೇನೆ. ನೀವಿದ್ದಿದ್ದರೆ ಬೇಡ ಎನ್ನುತ್ತಿದ್ದಿರಿ. ಆಮೇಲೆ ಯಾರೂ ಇಲ್ಲದಾಗ ಆ ಪುಟವನ್ನು ಕತ್ತರಿಸಿ ಎತ್ತಿಡುತ್ತಿದ್ದಿರಿ.