ಬಂಗುಡೆ ಕಳಿಸಿದರೆ ಅಣ್ಣನನ್ನು ನೋಡಿದಂತಲ್ಲ

ಸುಳ್ಳು ಹೇಳುವುದಾದರೆ ಸರಿಯಾಗಿ ಹೇಳಲಿಕ್ಕೆ ಕಲಿಯಿರಿ ಮಾರಾಯ್ರೆ! "ಮಣಿಪಾಲಕ್ಕೆ ಹೋಗಿ ಅಣ್ಣನನ್ನು ನೋಡಿ ಬಂದೆ" ಎಂದು ನಿನ್ನೆ ನನ್ನ ಮುಖ ನೋಡಿಯೇ ಹೇಳಿದಿರಲ್ಲ? ಈಗ ನಿಮ್ಮ ಅತ್ತಿಗೆ ಫೋನು ಮಾಡಿದ್ದರು. ನೀವು ಆಸ್ಪತ್ರೆಯ ಕೆಳಗೇ ನಿಂತು, ವಾಚ್‌ಮನ್ ಕೈಯಲ್ಲಿ ಹುರಿದ ಬಂಗುಡೆ ಕಳಿಸಿ ವಾಪಸು ಬಂದದ್ದಂತೆ. ಹೃದಯದ ಆಪರೇಶನ್ ಆಗಬೇಕಾದವರಿಗೆ ಎಣ್ಣೆಯಲ್ಲಿ ಹುರಿದ ಮೀನು! ನರ್ಸ್ ಪಾಪ ಅತ್ತಿಗೆಗೆ ಬೈದರಂತೆ. ಭಾವ ಮಾತ್ರ ಡಬ್ಬಿ ಮೂಸಿ, "ತಮ್ಮ ಬಂದಿದ್ದಾನೆ, ಎಲ್ಲಿ ಅವನು?" ಎಂದು ಬಾಗಿಲನ್ನೇ ನೋಡುತ್ತಾ ಕೂತರಂತೆ.

ನೀವು ಮಾರುವುದು ಐಸಿನ ಹಳೆ ಮೀನು ಎಂದು ಮದುವೆ ಮನೆಯಲ್ಲಿ ಭಾವ ಹೇಳಿದ್ದು ತಪ್ಪೇ, ಒಪ್ಪುತ್ತೇನೆ. ಅದಕ್ಕೆ ಇಷ್ಟು ದಿನ ಮಾತು ಬಿಟ್ಟದ್ದು ಸಾಕು.

ಗಂಜಿ ಕುಕ್ಕರಿನಲ್ಲಿ ಉಂಟು. ಸಾರು ಬಿಸಿ ಮಾಡಿದ ಮೇಲೆ ಗ್ಯಾಸ್ ಆಫ್ ಮಾಡಿ. ಮೀನಿನ ವಾಸನೆಯ ಅಂಗಿಯಲ್ಲಿ ಬರಬೇಡಿ, ಇಸ್ತ್ರಿ ಮಾಡಿದ ನೀಲಿ ಅಂಗಿ ಮಂಚದ ಮೇಲೆ ಇಟ್ಟಿದ್ದೇನೆ.

ಸಂಜೆ ನಾಲ್ಕಕ್ಕೆ ಒಳಗೆ ಬಿಡುತ್ತಾರೆ. ಇರುವುದು ಒಂದೇ ಪಾಸ್. ಅದನ್ನು ಹಿಡಿದು ಗೇಟಿನ ಹತ್ತಿರ ನಿಂತಿರುತ್ತೇನೆ. ಮಾತು ಬಾರದಿದ್ದರೆ ಸುಮ್ಮನೆ ಕೂತುಕೊಳ್ಳಿ, ಬೇಕಾದರೆ ಅಲ್ಲಿಯೇ ಜಗಳ ಮಾಡಿ. ನಾಳೆ ಬೆಳಿಗ್ಗೆ ಆಪರೇಶನ್‌ಗೆ ಕರೆದುಕೊಂಡು ಹೋಗುವ ಮೊದಲು ಅವರಿಗೆ ಒಮ್ಮೆ ನಿಮ್ಮ ಮುಖ ತೋರಿಸಿ.

ನಾನು ಬಟ್ಟೆಯ ಚೀಲ ತೆಗೆದುಕೊಂಡೇ ಹೊರಟಿದ್ದೇನೆ. ನೀವು ಅಲ್ಲಿಗೆ ಬಾರದೆ ನಾನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಮೋಹಿನಿ