ಎಡಕ್ಕೆ ಎಳೆಯುವ ಕಾರು

ಪೂಜ್ಯ ಮಾವನವರಿಗೆ ನಮಸ್ಕಾರ.

ಎದುರು ನಿಂತು ಹೇಳಲು ಮುಖವಿಲ್ಲದೆ ಬರೆಯುತ್ತಿದ್ದೇನೆ. ಕಾರು ಎಡಕ್ಕೆ ಎಳೆಯುತ್ತಿದ್ದುದು ನಿಮ್ಮ ಕೈಯ ತಪ್ಪಲ್ಲ. ಹೋದ ತಿಂಗಳು ಆಸ್ಪತ್ರೆಯ ತಿರುವಿನಲ್ಲಿ ನಾನೇ ಅದನ್ನು ಫುಟ್‌ಪಾತಿನ ಕಲ್ಲಿಗೆ ಗುದ್ದಿಸಿದ್ದೆ. ಚಕ್ರದ ಮೇಲಾದ ಗೀರಿಗೆ ನಿಮ್ಮದೇ ಷೂ ಪಾಲಿಶ್ ಬಳಿದು ಸುಮ್ಮನಾದೆ. "ನನ್ನ ಕೈಗೆ ವಯಸ್ಸಾಯ್ತು ಕಣಮ್ಮ, ಇನ್ಮೇಲೆ ನೀನೇ ಓಡಿಸು" ಎಂದು ನೀವು ಕೀಲಿ ಕೊಟ್ಟಾಗಲೂ ತುಟಿ ಪಿಟಕ್ಕೆನ್ನದೆ ಈಸಿಕೊಂಡೆ.

ಇವತ್ತು ಮೆಕ್ಯಾನಿಕ್ ಚಕ್ರ ಬಿಚ್ಚಿ, ಸ್ಟೀರಿಂಗಿಗೆ ಸೇರಿದ ರಾಡು ಬಾಗಿರುವುದನ್ನು ತೋರಿಸಿದ. "ಇದನ್ನ ಯಾರು ಓಡಿಸಿದ್ರೂ ಎಡಕ್ಕೇ ಹೋಗೋದು" ಎಂದ. ಹೊಸದು ಹಾಕಿಸಿ, ಚಕ್ರಗಳು ನೇರ ಓಡುವಂತೆ ಅಲೈನ್‌ಮೆಂಟ್ ಮಾಡಿಸಿದ್ದೇನೆ.

ಕೀಲಿ ನಿಮ್ಮ ಕನ್ನಡಕದ ಡಬ್ಬಿಯಲ್ಲಿದೆ. ನಾಳೆ ನನ್ನನ್ನು ಕೆಲಸಕ್ಕೆ ನೀವೇ ಬಿಡಬೇಕು. ಬೈಯುವುದನ್ನೆಲ್ಲ ದಾರಿಯಲ್ಲಿ ಬೈಯಿರಿ.

ನಿಮ್ಮ ಸೊಸೆ